ಕಡಲು ಕಾಣುವ ಕೋಣೆ

ಪ್ರವಾಸಕ್ಕೆ ಹೊರಡುವವರು ಹೊರಡುವ ದಿನದ ಬಗೆಗೆ ಮಾಡುವಷ್ಟು ಆಲೋಚನೆಯನ್ನು ಮರಳುವ ದಿನದ ಬಗೆಗೆ ಮಾಡುವುದಿಲ್ಲ. ರೈಲಿನಲ್ಲಿ ಹೋಗಿಬರುವವರಿಗೆ ಇದರಿಂದ ಹೆಚ್ಚಿನ ತೊಂದರೆಯಾಗದು. ಹಡಗಿನಿಂದ ಇಳಿಯುವವರ ಸ್ಥಿತಿ ಬೇರೆ. ಗಾಳಿ, ಅಲೆ, ಬಂದರಿನಲ್ಲಿ ದೊರೆಯುವ ಸ್ಥಳ ಇವೆಲ್ಲವೂ ಅನುಕೂಲವಾದಾಗಲೇ ಹಡಗು ದಡ ಸೇರುವುದು. ಬೆಳಗ್ಗೆ ತಲುಪಬೇಕಾದುದು ಮಧ್ಯಾಹ್ನವಾಗಬಹುದು. ಆದ್ದರಿಂದ ಇಳಿದ ದಿನವೇ ಊರಿನ ರೈಲನ್ನು ಹಿಡಿಯುತ್ತೇನೆಂದು ನಂಬಿ ಹೊರಡುವುದು ಜಾಣತನವಲ್ಲ. ದಡದಲ್ಲಿ ಒಂದೆರಡು ರಾತ್ರಿ ತಂಗುವುದು ಮೇಲು. ಎಲ್ಲಿ ತಂಗಬೇಕೆಂಬ ಪ್ರಶ್ನೆ ಆಗ ಏಳುತ್ತದೆ. ಅದು ಹಣದ ಮತ್ತು ಅನುಕೂಲದ ಪ್ರಶ್ನೆಯೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಅಷ್ಟೇ ಅಲ್ಲವೆಂಬುದನ್ನು ನನಗೆ ಕಲಿಸಿದವರು ನನ್ನ ತಾಯಿ.

2019ರ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ನಾನು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋದೆ. ಅವರಿಗೆ ಆಗ 72 ವರ್ಷ. ಮಂಗಳೂರಿನ ಬಳಿಯ ಉಳ್ಳಾಲದ ಕಡಲ ದಡದಲ್ಲಿ ಹುಟ್ಟಿ ಬೆಳೆದವರಾದರೂ ಅವರು ಅದುವರೆಗೆ ಹಡಗನ್ನು ಏರಿದವರಲ್ಲ. ಲಕ್ಷದ್ವೀಪದ ಹೆಸರು ಮಾತ್ರ ಅವರಿಗೆ ಹೊಸದಾಗಿರಲಿಲ್ಲ. ಆ ದ್ವೀಪಸಮೂಹದ ಉತ್ತರ ಭಾಗವಾದ ಅಮಿನಿದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದುವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದ ಸಂಗತಿಯನ್ನು ಅಮ್ಮ ತಮ್ಮ ತಂದೆಯ ಬಾಯಿಂದ ಕೇಳಿದ್ದರು. ಆ ಓಡಗಳು ಎಲ್ಲಿಂದ ಬರುತ್ತಿದ್ದುವೋ ಆ ನೆಲವನ್ನು ಒಮ್ಮೆ ನೋಡಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು.

ನಾವು ಏರಿದ ಹಡಗಿನ ಹೆಸರು ‘ಕವರತ್ತಿ’. ಕೊಚ್ಚಿಯಿಂದ ಕವರತ್ತಿ ದ್ವೀಪಕ್ಕೆ ಸುಮಾರು 400 ಕಿಲೋಮೀಟರು ದೂರ. ಹಗಲಿನಲ್ಲಿ ಒಂದೊಂದು ದ್ವೀಪವನ್ನು ನೋಡುವುದು, ರಾತ್ರಿ ಹಡಗಿಗೆ ಮರಳಿ ಮಲಗುವುದು. ನಾವು ಮಲಗಿರುವಾಗ ಹಡಗು ಇನ್ನೊಂದು ದ್ವೀಪದತ್ತ ಸಾಗುವುದು. ಹೀಗೆ ಐದು ದಿನಗಳಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ನೋಡಿದೆವು. ದೊಡ್ಡ ಹಡಗು ಹವಳದ ದಿಬ್ಬದ ಹೊರಗೆ ನಿಲ್ಲುತ್ತಿತ್ತು. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕಾಗಿತ್ತು. ಅಮ್ಮ ನಾವಿಕರ ಕೈ ಹಿಡಿದು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹುಡುಗಿಯಂತೆ ಇಳಿಯುತ್ತಿದ್ದರು. ಮಿನಿಕಾಯಿಯಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ಕೆಳಗಿನಿಂದ ಎಷ್ಟೋ ಹೊತ್ತು ನೋಡುತ್ತ ನಿಂತರು. ಅವರಿಗೆ ಕಡಲಿನ ಭಯವಿದೆಯೆಂದು ನನಗೆ ಒಂದು ಗಳಿಗೆಯೂ ಅನಿಸಲಿಲ್ಲ.

ಮರಳಿದ ಮೇಲೆ ಎಲ್ಲಿ ತಂಗಬೇಕೆಂಬುದನ್ನು ನಾನು ಹೊರಡುವ ಮೊದಲೇ ತೂಗಿ ನೋಡಿದ್ದೆ. ಕೊಚ್ಚಿ ಎಂದರೆ ಒಂದು ಊರಲ್ಲ. ಹಿನ್ನೀರು ತುಂಡು ತುಂಡಾಗಿ ಕತ್ತರಿಸಿಟ್ಟ ಹಲವು ಊರುಗಳ ಕೂಟ. ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ, ಅಳಿವೆಯ ಬಾಯಲ್ಲಿ ಅಡ್ಡಲಾಗಿದ್ದ ಮರಳಿನ ದಂಡೆಯನ್ನು ಕಡಿಸಿ, ಹಿನ್ನೀರಿನ ತಳದಿಂದ ಎತ್ತಿದ ಹೂಳನ್ನೇ ಹಾಕಿ ಬೆಳೆಸಿದ ನೆಲ ಅದು. ಅಲ್ಲಿ ತಂಗಿದರೆ ಧಕ್ಕೆಗೆ ಹತ್ತಿರ. ಆದರೆ ಸಂಜೆಯಾದ ಮೇಲೆ ಜನಸಂಚಾರ ಕಡಿಮೆ. ಎರಡನೆಯದು ಎರ್ನಾಕುಳಂ. ಅದು ಒಳನಾಡಿಗೆ ಸೇರಿದ ಪಟ್ಟಣ. ರೈಲು ನಿಲ್ದಾಣ, ಆಸ್ಪತ್ರೆ, ಅಗ್ಗದ ವಸತಿ ಎಲ್ಲವೂ ಅಲ್ಲಿವೆ, ಗದ್ದಲವೂ ಇದೆ. ಮೂರನೆಯದು ಕೋಟೆ ಕೊಚ್ಚಿ. ಚೀನಾ ಬಲೆಗಳು ಸಾಲಾಗಿ ನಿಂತಿರುವುದು ಅಲ್ಲಿಯೇ. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ ಇಗರ್ಜಿ ಇರುವುದೂ ಅಲ್ಲಿಯೇ. ಆ ವರ್ಷ ಅಲ್ಲಿ ಕಲಾ ಬಿಯೆನಾಲೆ ನಡೆಯುತ್ತಿದ್ದುದರಿಂದ ಕೋಣೆಗಳಿಗೆ ಬೇಡಿಕೆ ಬಹಳವಾಗಿತ್ತು. ಆದರೂ ನಾನು ಹಟ ಹಿಡಿದು ಹುಡುಕಿ, ಮಹಡಿಯ ಮೇಲೆ, ಕಿಟಕಿ ತೆರೆದರೆ ಕಡಲು ಕಾಣುವ ಕೋಣೆಯೊಂದನ್ನು ಗೊತ್ತುಮಾಡಿ ಮುಂಗಡ ಹಣವನ್ನೂ ಕಳುಹಿಸಿದ್ದೆ. ಕಡಲ ಮಗಳಾದ ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದ್ದೀತು ಎಂದು ನನ್ನ ಎಣಿಕೆ.

ಐದನೆಯ ದಿನ ಬೆಳಗ್ಗೆ ಹಡಗು ಧಕ್ಕೆಗೆ ಬಂದಿತು. ನೆಲಕ್ಕೆ ಕಾಲಿಟ್ಟೊಡನೆ ಅಮ್ಮ ನನ್ನ ತೋಳನ್ನು ಹಿಡಿದುಕೊಂಡರು. “ಮಗಾ, ನೆಲ ತೂಗುತ್ತದೆ” ಎಂದರು. ನನಗೂ ಹಾಗೆಯೇ ಆಗುತ್ತಿತ್ತು. ನಮ್ಮ ಒಳಕಿವಿಯಲ್ಲಿರುವ ದ್ರವದ ಚಲನೆಯಿಂದ ದೇಹ ತನ್ನ ಸಮತೋಲವನ್ನು ತಿಳಿಯುತ್ತದೆ. ಹಡಗಿನಲ್ಲಿ ನಾಲ್ಕಾರು ದಿನ ಕಳೆದರೆ ಮೆದುಳು ತೂಗಾಟವನ್ನೇ ಸಹಜವೆಂದು ಎಣಿಸಿ ಅದಕ್ಕೆ ಹೊಂದಿಕೊಳ್ಳುತ್ತದೆ. ಗಟ್ಟಿನೆಲಕ್ಕೆ ಬಂದಾಗ ಆ ಹೊಂದಾಣಿಕೆ ಕೂಡಲೇ ಬಿಟ್ಟುಹೋಗುವುದಿಲ್ಲ. ನಿಂತ ನೆಲವೇ ಅಲೆಯಂತೆ ತೋರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ತಾನಾಗಿ ಅಡಗುತ್ತದೆ. ಆದರೆ ವಯಸ್ಸಾದವರಿಗೆ ಆ ಒಂದೆರಡು ದಿನ ಮೆಟ್ಟಿಲು ಹತ್ತಿಳಿಯುವುದು ಅಪಾಯವೇ. ಮಹಡಿಯ ಮೇಲಿನ ಕೋಣೆಯನ್ನು ಹಿಡಿದಾಗ ಈ ಯೋಚನೆ ನನಗೆ ಹೊಳೆದಿರಲಿಲ್ಲ.

“ಎಲ್ಲಿ ಇಳಿದುಕೊಳ್ಳುವುದು?” ಎಂದು ಅಮ್ಮ ಕೇಳಿದರು. ನಾನು ಹೆಮ್ಮೆಯಿಂದ ಕೋಣೆಯ ವಿಚಾರವನ್ನು ಹೇಳಿದೆ. ಅವರ ಮುಖ ಸಪ್ಪಗಾಯಿತು. “ಕಡಲು ಕಾಣುವ ಕೋಣೆ ನನಗೆ ಬೇಡ, ಮಗಾ. ಕಡಲಿನ ಸದ್ದು ಕೇಳಿಸದ ಕಡೆ ಎಲ್ಲಾದರೂ ಸರಿ” ಎಂದರು. ಐದು ದಿನ ಕಡಲಿನ ಮೇಲೆಯೇ ಮಲಗಿ ಬಂದವರ ಬಾಯಿಂದ ಈ ಮಾತು! ನನಗೆ ಸಿಟ್ಟು ಬಂದಿತು. ಮುಂಗಡ ಹಣ ಮರಳಿ ಬರುವುದಿಲ್ಲವೆಂದು ತುಸು ಗಡುಸಾಗಿಯೇ ಹೇಳಿದೆ. “ಹೋದರೆ ಹೋಗಲಿ. ಕಡಲಿಗೆ ಹೋದದ್ದಕ್ಕೆ ಲೆಕ್ಕ ಇಡಬಾರದು” ಎಂದು ಅವರು ಮೆಲ್ಲಗೆ ಹೇಳಿ ಸುಮ್ಮನಾದರು.

ನಮ್ಮ ಮಾತನ್ನು ಕೇಳುತ್ತಿದ್ದ ಆಟೋರಿಕ್ಷಾ ಚಾಲಕನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಂತಿತ್ತು. ಅಮ್ಮ ಅವನೊಡನೆ ಬ್ಯಾರಿ ಭಾಷೆಯಲ್ಲಿ ಮಾತಿಗೆ ತೊಡಗಿದರು. ಉಳ್ಳಾಲದಲ್ಲಿ ನೆರೆಮನೆಯವರಿಂದ ಅವರು ಕಲಿತ ಆ ಭಾಷೆ ಮಲಯಾಳಕ್ಕೆ ಹತ್ತಿರದ್ದು. ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಸಂಭಾಷಣೆ ಸಾಗಿತು. ಸೇತುವೆಯನ್ನು ದಾಟಿ ತೋಪ್ಪುಂಪಡಿಯ ಮಾರ್ಗವಾಗಿ ಅವನು ನಮ್ಮನ್ನು ಮಟ್ಟಾಂಚೇರಿಗೆ ಕರೆದೊಯ್ದ. ಅಲ್ಲಿ ತಿರುಮಲ ದೇವಸ್ವಂ ದೇವಾಲಯದ ಆಸುಪಾಸಿನ ಬೀದಿಯೊಂದರಲ್ಲಿ, ನೆಲಮಟ್ಟದ ಒಂದು ಸಾಧಾರಣ ಕೋಣೆ ದೊರೆಯಿತು. ಕಿಟಕಿ ತೆರೆದರೆ ಕಾಣುವುದು ಎದುರುಮನೆಯ ಗೋಡೆ. ಬೀದಿಯಲ್ಲಿ ಕೊಂಕಣಿ ಮಾತು ಕೇಳಿಬರುತ್ತಿತ್ತು. ಶತಮಾನಗಳ ಹಿಂದೆ ಗೋವೆಯಿಂದ ನೆಲೆ ಬಿಟ್ಟು ಬಂದವರ ವಂಶದವರು ಅಲ್ಲಿದ್ದಾರೆ. ಮಂಗಳೂರಿನ ರಥಬೀದಿಗೆ ಬಂದಂತಾಯಿತೆಂದು ಅಮ್ಮ ಗೆಲುವಾದರು.

ಆ ರಾತ್ರಿ ಊಟವಾದ ಮೇಲೆ ಅವರು ತಾವಾಗಿಯೇ ಮಾತು ತೆಗೆದರು. ಅವರ ತವರಿನ ಮನೆಗೂ ಕಡಲಿಗೂ ನಡುವೆ ಮೊದಲು ತೆಂಗಿನ ತೋಟವೊಂದಿತ್ತಂತೆ. ಪ್ರತಿ ಮಳೆಗಾಲದಲ್ಲಿಯೂ ಕಡಲು ಮೂರೋ ನಾಲ್ಕೋ ಮರಗಳನ್ನು ಬುಡಸಮೇತ ಕಿತ್ತು ಒಯ್ಯುತ್ತಿತ್ತು. ತೋಟ ಮುಗಿದ ಮೇಲೆ ಬಾವಿಗೆ ಉಪ್ಪುನೀರು ಬಂದಿತು. “ರಾತ್ರಿ ಚಾಪೆಯ ಮೇಲೆ ಮಲಗಿ ಅಲೆಯ ಸದ್ದನ್ನು ಕೇಳುತ್ತಿದ್ದೆವು. ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಹತ್ತಿರ ಬಂದಿದೆ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ನನಗೆ ಹದಿಮೂರು ವರ್ಷವಾಗಿದ್ದಾಗ ಅಪ್ಪ ಮನೆಯ ಹಂಚನ್ನು ತಾವೇ ಇಳಿಸಿದರು. ಕಡಲು ಒಯ್ಯುವ ಮೊದಲು ನಾವೇ ಒಯ್ಯೋಣ ಎಂದರು” ಎಂದು ಹೇಳಿದರು.

“ಹಾಗಾದರೆ ಹಡಗಿನಲ್ಲಿ ನಿಮಗೆ ಹೆದರಿಕೆಯಾಗಲಿಲ್ಲವೆ?” ಎಂದು ಕೇಳಿದೆ.

“ಹಡಗು ನೀರಿನ ಮೇಲಿದೆಯೆಂದು ತಿಳಿದೇ ಏರುತ್ತೇವೆ. ಮನೆ ಹಾಗಲ್ಲವಲ್ಲ” ಎಂದರು ಅಮ್ಮ.

ಮರುದಿನ ಮಧ್ಯಾಹ್ನ ಅದೇ ಚಾಲಕ ಬಂದ. ಮಟ್ಟಾಂಚೇರಿಯ ಅರಮನೆಯನ್ನೂ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರವನ್ನೂ ತೋರಿಸುವುದಾಗಿ ಅವನು ಹೇಳಿದ್ದ. ಆದರೆ ಅಮ್ಮ, “ನಿನ್ನ ಮನೆ ಎಲ್ಲಿ?” ಎಂದು ಕೇಳಿದರು. ಅವನ ಮನೆ ದಕ್ಷಿಣಕ್ಕೆ, ಚೆಲ್ಲಾನಂ ಎಂಬ ಬೆಸ್ತರ ಊರಿನಲ್ಲಿತ್ತು. “ಕಡಲು ಕಾಣುವ ಮನೆಯಮ್ಮಾ ನಮ್ಮದು. ಬಾಡಿಗೆಯಿಲ್ಲ” ಎಂದು ಅವನು ನಕ್ಕ. ಆ ನಗೆಯ ಅರ್ಥ ಅಮ್ಮನಿಗೆ ನನಗಿಂತ ಮೊದಲು ತಿಳಿಯಿತು. ಅಲ್ಲಿಗೇ ಹೋಗೋಣವೆಂದರು.

ಚೆಲ್ಲಾನಂ ಒಂದು ಕಿರಿದಾದ ನೆಲದ ಪಟ್ಟಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಹಿನ್ನೀರು. ಕಡಲಿಗೆ ಅಡ್ಡಲಾಗಿ ಹಾಕಿದ್ದ ಕಲ್ಲಿನ ದಂಡೆ ಅಲ್ಲಲ್ಲಿ ಕುಸಿದು ಹೋಗಿತ್ತು. ಆ ಜಾಗಗಳಲ್ಲಿ ಮರಳಿನ ಚೀಲಗಳನ್ನು ಪೇರಿಸಿದ್ದರು. 2017ರ ನವೆಂಬರಿನ ಕೊನೆಯಲ್ಲಿ ಒಖಿ ಚಂಡಮಾರುತ ಎದ್ದಾಗ ಕಡಲು ಆ ಊರಿನ ಮನೆಗಳಿಗೆ ನುಗ್ಗಿತ್ತು. ಚಾಲಕನ ಮನೆಯ ಗೋಡೆಯಲ್ಲಿ ಮೊಳಕಾಲಿನ ಎತ್ತರಕ್ಕೆ ನೀರು ನಿಂತ ಗುರುತು ಇನ್ನೂ ಇತ್ತು. ಕಡಲ ಕಡೆಯ ಕೋಣೆಯ ಬಾಗಿಲನ್ನು ಮುಚ್ಚಿಬಿಟ್ಟಿದ್ದರು. ಒಳಗೆ ಮರಳು ತುಂಬಿತ್ತು. ನಾನು ಮುಂಗಡ ಕೊಟ್ಟು ಬಯಸಿದ್ದಂತಹ ಕಿಟಕಿಯೊಂದು ಆ ಕೋಣೆಗೂ ಇತ್ತು.

ಚಾಲಕನ ತಾಯಿ ನಮ್ಮ ಅಮ್ಮನ ವಯಸ್ಸಿನವರು. ಇಬ್ಬರೂ ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ಮಾತನಾಡಿದರು. ಇಲ್ಲಿಂದ ಹೋಗಬಾರದೇಕೆ ಎಂದು ಅಮ್ಮ ಕೇಳಿದಾಗ ಆಕೆ ಹೇಳಿದ ಉತ್ತರವನ್ನು ಅವನು ನನಗೆ ತಿಳಿಸಿದ: “ದೋಣಿ ಇಲ್ಲಿದೆ, ಬಲೆ ಇಲ್ಲಿದೆ. ದೂರ ಹೋದರೆ ಬೆಳಗಿನ ಜಾವ ಕಡಲಿನ ಬಣ್ಣ ನೋಡಿ ಹೇಳುವವರು ಯಾರು?” ಅಮ್ಮ ತಲೆಯಾಡಿಸಿದರು. ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಹೊರಡುವಾಗ ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡರು.

ಮರಳುವ ದಾರಿಯಲ್ಲಿ ನಾನು ನೆಲದ ವಿಚಾರವನ್ನೇ ಯೋಚಿಸುತ್ತಿದ್ದೆ. ಕೊಚ್ಚಿಯ ಬಂದರು ಹುಟ್ಟಿದ್ದು 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಎನ್ನುತ್ತಾರೆ. ಹಳೆಯ ಮುಚಿರಿಯ ಬಂದರು ಹೂಳಿನಿಂದ ಮುಚ್ಚಿ, ಇಲ್ಲಿ ಹೊಸ ಅಳಿವೆ ತೆರೆಯಿತು. ನೀರು ಒಂದು ಕಡೆ ಕೊಟ್ಟುದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಮನುಷ್ಯನ ಕೆಲಸವೂ ಇದರಲ್ಲಿ ಸೇರುತ್ತದೆ. ದಡದ ಉದ್ದಕ್ಕೂ ಅಲೆಗಳು ಮರಳನ್ನು ಸಾಗಿಸುತ್ತಲೇ ಇರುತ್ತವೆ. ಹಡಗುಗಳಿಗಾಗಿ ಕಾಲುವೆಯನ್ನು ಆಳಗೊಳಿಸಿದರೆ, ಅಲೆತಡೆಗಳನ್ನು ಕಟ್ಟಿದರೆ ಆ ಸಾಗಾಟಕ್ಕೆ ಅಡ್ಡಿಯಾಗುತ್ತದೆ. ಮರಳು ಬರುವುದು ನಿಂತ ದಡ ಸವೆಯತೊಡಗುತ್ತದೆ. ನಾವು ಸುಖವಾಗಿ ಬಂದಿಳಿದ ಹಡಗಿನ ದಾರಿಗೂ ಸವೆಯುವ ದಡಗಳಿಗೂ ಇರಬಹುದಾದ ನಂಟು ನನಗೆ ಆಗ ಮೊದಲ ಬಾರಿಗೆ ಹೊಳೆಯಿತು.

ನಮ್ಮ ಪ್ರವಾಸದ ಬಳಿಕ ಅಲ್ಲಿ ಎಷ್ಟೋ ಸಂಗತಿಗಳು ನಡೆದುವು. ಕಡಲಿನಿಂದ 50 ಮೀಟರಿನ ಒಳಗೆ ವಾಸಿಸುವ ಮೀನುಗಾರ ಕುಟುಂಬಗಳು ಬೇರೆಡೆಗೆ ಹೋಗಲು ಒಪ್ಪಿದರೆ ನೆಲ ಮತ್ತು ಮನೆಗಾಗಿ 10 ಲಕ್ಷ ರೂಪಾಯಿ ಕೊಡುವ ‘ಪುನರ್ಗೇಹಂ’ ಯೋಜನೆಯನ್ನು ಕೇರಳ ಸರಕಾರ ತಂದಿತು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಚೆಲ್ಲಾನಂ ಮತ್ತೆ ನೀರಿನಲ್ಲಿ ಮುಳುಗಿತು. 2022ರಲ್ಲಿ, ಟೆಟ್ರಾಪಾಡ್ ಎಂಬ ನಾಲ್ಕು ಕಾಲಿನ ಕಾಂಕ್ರೀಟು ದಿಮ್ಮಿಗಳಿಂದ 7 ಕಿಲೋಮೀಟರಿಗಿಂತ ಉದ್ದದ ತಡೆಗೋಡೆಯನ್ನು ಕಟ್ಟುವ ಕೆಲಸ ಆರಂಭವಾಯಿತು. ಗೋಡೆಯ ಹಿಂದಿನ ಮನೆಗಳಿಗೆ ರಕ್ಷಣೆ ದೊರೆಯಿತು. ಗೋಡೆಯಿಲ್ಲದ ಕಣ್ಣಮಾಲಿಯ ಕಡೆ ಮುಂದಿನ ಮಳೆಗಾಲಗಳಲ್ಲಿ ಕಡಲು ನುಗ್ಗಿತು. ಹೋಗಬೇಕೋ ಇರಬೇಕೋ ಎಂಬ ಪ್ರಶ್ನೆ ಅಲ್ಲಿಯ ಜನರನ್ನು ವರ್ಷವರ್ಷವೂ ಕೇಳುತ್ತಲೇ ಬಂದಿದೆ.

ಹಡಗಿನಿಂದ ಇಳಿಯುವವರು ಎಲ್ಲಿ ತಂಗಬೇಕೆಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ನೆಲಮಟ್ಟದ ಕೋಣೆಯನ್ನು ಹಿಡಿಯಿರಿ, ರೈಲಿಗೆ ಒಂದು ದಿನದ ಬಿಡುವನ್ನು ಇಟ್ಟುಕೊಳ್ಳಿ, ಜೊತೆಗಿರುವವರನ್ನು ಮೊದಲು ಕೇಳಿ ಎಂದು ಹೇಳುತ್ತೇನೆ. ಕಡಲು ಕಾಣುವ ಕೋಣೆ ಬೇಡವೆಂದು ಹೇಳುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಿಟಕಿಯ ಬಳಿ ನಿಂತಾಗ, ಅದೇ ದಡದಲ್ಲಿ ಕೆಲವೇ ಹರದಾರಿಯಾಚೆ ಅಲೆಯ ಸದ್ದಿನ ದೂರವನ್ನು ಅಳೆಯುತ್ತ ಮಲಗಿರುವವರೂ ಇದ್ದಾರೆಂಬುದನ್ನು ನೆನೆಯಬೇಕು. ನಮಗೆ ಅದು ಒಂದು ರಾತ್ರಿಯ ಆಯ್ಕೆ. ಅವರಿಗೆ ಬಾಳಿನ ಆಯ್ಕೆ.

ಮೂರನೆಯ ದಿನ ಬೆಳಗ್ಗೆ ಎದ್ದಾಗ ನನಗೆ ನೆಲ ತೂಗುವುದು ನಿಂತಿತ್ತು. ಅಮ್ಮನನ್ನು ಕೇಳಿದೆ. “ನನಗೂ ನಿಂತಿತು” ಎಂದರು. ತುಸು ಹೊತ್ತಿನ ಮೇಲೆ, “ಆ ತಾಯಿಗೆ ನಿಲ್ಲಲಿಲ್ಲ” ಎಂದು ಸೇರಿಸಿದರು.