ಬೆಳಕಿನಿಂದ ಮಿದುಳಿನೆಡೆಗೆ



ಮಿದುಳನ್ನು ಅರಿಯಬೇಕಾದರೆ ವೈದ್ಯಕೀಯ, ಉಪಕರಣ ಕಟ್ಟಬೇಕಾದರೆ ಇಂಜಿನಿಯರಿಂಗ್ ಎಂಬ ವಿಭಜನೆ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಈ ಎರಡು ದಾರಿಗಳನ್ನೂ ಕೂಡಿಸಿಕೊಂಡ ವಿಜ್ಞಾನಿಯೊಬ್ಬರ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಪೊಲೀನಾ ಅನಿಕೀವಾ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನವರು. ಅಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ 2003ರಲ್ಲಿ ಜೀವಭೌತಶಾಸ್ತ್ರದ ಪದವಿ ಪಡೆದು, ಮುಂದೆ ಅಮೆರಿಕದ ಎಂ.ಐ.ಟಿ. ಸೇರಿದರು. ಅಲ್ಲಿ ಅವರು ಅಭ್ಯಸಿಸಿದ್ದು ಮಿದುಳನ್ನಲ್ಲ, ಪರದೆಗಳಿಗೆ ಬಣ್ಣದ ಬೆಳಕು ನೀಡಬಲ್ಲ ಕ್ವಾಂಟಮ್ ಚುಕ್ಕೆಗಳನ್ನು. 2009ರಲ್ಲಿ ಪಿಎಚ್.ಡಿ. ಮುಗಿದ ಮೇಲೆ ಪರಿಚಿತ ಕ್ಷೇತ್ರದಲ್ಲೇ ನೆಲೆಯೂರದೆ, ಸ್ಟ್ಯಾನ್‌ಫರ್ಡಿನ ಕಾರ್ಲ್ ಡೈಸರಾತ್ ಅವರ ನರವಿಜ್ಞಾನ ಪ್ರಯೋಗಾಲಯಕ್ಕೆ ಹೋದರು. ನರಕೋಶಗಳನ್ನು ಬೆಳಕಿನಿಂದ ಪ್ರಚೋದಿಸುವ ವಿದ್ಯೆ ಅಲ್ಲಿ ಬೆಳೆಯುತ್ತಿತ್ತು.

ಮಿದುಳು ಗಿಣ್ಣಿನಂತೆ ಮೃದು. ಅದರೊಳಗೆ ಇಳಿಸುವ ಲೋಹದ, ಸಿಲಿಕಾನಿನ ಕಡ್ಡಿಗಳಾದರೋ ಬಲು ಗಡುಸು. ಉಸಿರಾಟ, ನಾಡಿಬಡಿತಗಳೊಡನೆ ಮಿದುಳು ಸದಾ ಅಲುಗುವುದರಿಂದ ಇಂಥ ಕಡ್ಡಿ ಸುತ್ತಲಿನ ಅಂಗಾಂಶವನ್ನು ಘಾಸಿಗೊಳಿಸುತ್ತದೆ. ಬರುಬರುತ್ತಾ ಸಂಕೇತಗಳು ಕ್ಷೀಣಿಸುತ್ತವೆ. ಇದಕ್ಕೆ ವಸ್ತುಗಳ ಗುಣ ಬಲ್ಲವರೇ ಉತ್ತರ ಹುಡುಕಬೇಕಿತ್ತು. 2011ರಲ್ಲಿ ಎಂ.ಐ.ಟಿ.ಗೆ ಅಧ್ಯಾಪಕಿಯಾಗಿ ಮರಳಿದ ಅನಿಕೀವಾ, ದಪ್ಪ ಪಾಲಿಮರ್ ದಿಂಡನ್ನು ಕಾಯಿಸಿ, ಬೆಲ್ಲದ ಪಾಕದಿಂದ ಎಳೆ ತೆಗೆದಂತೆ ಎಳೆದು, ಬಾಗಬಲ್ಲ ತೆಳು ತಂತುಗಳನ್ನು ಸಹೋದ್ಯೋಗಿಗಳೊಡನೆ ರೂಪಿಸಿದರು. ಬೆಳಕಿಗೊಂದು ದಾರಿ, ವಿದ್ಯುತ್ ಸಂಕೇತಕ್ಕೊಂದು ದಾರಿ, ಔಷಧಕ್ಕೊಂದು ನಾಳ, ಎಲ್ಲವೂ ಒಂದೇ ತಂತುವಿನಲ್ಲಿ! ಇಲಿಗಳ ಮಿದುಳಿನಲ್ಲಿ ಇದು ಕೆಲಸ ಮಾಡಿದ್ದನ್ನು 2015ರಲ್ಲಿ ಅವರ ತಂಡ ಪ್ರಕಟಿಸಿತು.

ಈ ವೃತ್ತಾಂತ ನನ್ನ ಮನಸ್ಸನ್ನು ಹಿಡಿದಿರುವುದಕ್ಕೆ ಕಾರಣವಿದೆ. ನನ್ನ ಮೊಮ್ಮಗಳು ಈ ವರ್ಷ ಪಿ.ಯು.ಸಿ. ಸೇರಬೇಕು. ಗಣಿತವೆಂದರೆ ಅವಳಿಗೆ ಪ್ರಾಣ. ಜೀವಕೋಶದ ಚಿತ್ರ ಬರೆಯುವಾಗಲೂ ಅಷ್ಟೇ ತನ್ಮಯತೆ. "ಇಂಜಿನಿಯರಿಂಗಿಗೆ ಜೀವಶಾಸ್ತ್ರ ಯಾತಕ್ಕೆ? ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಲಿ" ಎಂದು ಅವಳ ತಂದೆಯ ಹಟ. ಶುಲ್ಕ, ಸಿ.ಇ.ಟಿ., ಉದ್ಯೋಗ ಎಲ್ಲವನ್ನೂ ಯೋಚಿಸಿಯೇ ಅವನು ಹಾಗೆನ್ನುತ್ತಾನೆ. ಅವನ ಆತಂಕ ಸುಳ್ಳಲ್ಲ. ಆದರೆ ಬೆಳಕಿನ ಪಾಠ ಮುಂದೊಂದು ದಿನ ಮಿದುಳಿನ ಕೆಲಸಕ್ಕೆ ಒದಗೀತೆಂದು ಯಾವ ಪ್ರವೇಶಪತ್ರದಲ್ಲೂ ಬರೆದಿರುವುದಿಲ್ಲ.

ಎಲ್ಲರೂ ಅನಿಕೀವಾ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಇಂದು ತಂದೆ‑ತಾಯಿಯರಾಗಿರುವ ನನ್ನ ಶಿಷ್ಯರಲ್ಲಿ ಒಂದು ಅರಿಕೆ: ಹೆಣ್ಣುಮಗಳೊಬ್ಬಳು ಎರಡು ವಿಷಯಗಳನ್ನು ಸಮನಾಗಿ ಪ್ರೀತಿಸಿದರೆ ಅದನ್ನು ಗೊಂದಲವೆಂದು ಕರೆಯಬೇಡಿ. ಅವಳ ಮುಂದಿನ ಕೆಲಸಕ್ಕೆ ಆ ಎರಡೂ ಬೇಕಾಗಬಹುದು.