ತಂಬಾಕಿನ ತವರುಮನೆ

ಶಬ್ದಗಳ ಕುಲಗೋತ್ರ ಕೆದಕುವ ಚಟವಿದ್ದವರಿಗೆ ಚಿಕ್ಕೋಡಿ ಸೀಮೆಯಂಥ ಜಾಗ ಇನ್ನೊಂದಿಲ್ಲ. ರಾಯಬಾಗದ ಸಂತೆಯಲ್ಲಿ ಬಟಾಟಿಗೆ ಕನ್ನಡದಲ್ಲಿ ಚೌಕಾಶಿ ಮಾಡಿ, ಮರಾಠಿಯಲ್ಲಿ ಗೊಣಗಿ, ರೊಕ್ಕ ಕೊಟ್ಟು ಹೋಗುತ್ತಾರೆ. ಯಾವ ಶಬ್ದ ಯಾರದೆಂಬ ಜಗಳಕ್ಕೆ ಕಾಗವಾಡದ ಚಹಾದಂಗಡಿಯಲ್ಲಿ ಬರವಿಲ್ಲ. ನನಗೋ ಆ ಜಗಳವೇ ಪ್ರೀತಿ. 1894ರ ಕಿಟೆಲ್ ನಿಘಂಟು ಬಿಚ್ಚಿ ಕೂತರೆ ಊಟದ ಹೊತ್ತು ಮೀರಿದ್ದು ಗೊತ್ತಾಗುವುದಿಲ್ಲ.

ಬಹಳ ರುಚಿಸಿದ್ದು ತಂಬಾಕು. ಶಬ್ದ ಮಾತ್ರ, ಸೊಪ್ಪಲ್ಲ. ಮೈಸೂರು ಕಡೆಯವರು ಹೊಗೆಸೊಪ್ಪು ಎಂದು ಅಚ್ಚಗನ್ನಡ ಮಾಡಿಕೊಂಡು ನಿರಾಳವಾದರು. ನಿಪ್ಪಾಣಿಯವರಿಗೆ ಆ ಉಸಾಬರಿ ಬೇಡ, ತಂಬಾಕು ಅವರಿಗೆ ಮನೆಮಗಳು. ತವರು ಮಾತ್ರ ಕೆರಿಬಿಯನ್ ದ್ವೀಪಗಳು. ಕೊಲಂಬಸ್‌ನ ಬೆನ್ನಿಗೆ ಹೋದ ಸ್ಪೇನಿನವರು ಅಲ್ಲಿನ ತೈನೊ ಜನರ ಬಾಯಿಂದ ‘ತಬಾಕೊ’ ಎತ್ತಿಕೊಂಡರು. ಅದು ಸೊಪ್ಪಿನ ಹೆಸರಲ್ಲ, ಹೊಗೆ ಎಳೆಯುವ ಕೊಳವೆಯದು ಎಂದು ಅವರ ಚರಿತ್ರಕಾರ ಒವಿಯೆದೊ ಬರೆದ. ಎಲೆಯ ಸುರುಳಿಯದು ಎಂದು ಅವರದೇ ಪಾದ್ರಿ ಲಾಸ್ ಕಸಾಸ್. ನಾನು ಲಾಸ್ ಕಸಾಸನ ಕಡೆ. ನಿಪ್ಪಾಣಿಯ ಓಣಿಯಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು, ಅಳತೆಗೆ ಕತ್ತರಿಸಿದ ಎಲೆಯ ಮೇಲೆ ಚಿಟಿಕೆ ತಂಬಾಕು ಉದುರಿಸಿ, ಹೆಬ್ಬೆರಳಿನಿಂದ ಸುತ್ತಿ, ಬಾಯಿ ಮಡಚಿ, ದಾರ ಬಿಗಿಯುವ ಹೆಣ್ಣುಮಕ್ಕಳನ್ನು ನೋಡಿದ ಮೇಲೆ ಇನ್ಯಾರ ಕಡೆ ನಿಲ್ಲಲಿ?

ಶಬ್ದವೂ ಸೊಪ್ಪೂ ಪೋರ್ಚುಗೀಸರ ಹಡಗಿನಲ್ಲಿ ದಖ್ಖನ್ನಿಗೆ ಬಂದವು. ಆದಿಲಶಾಹಿಗಳ ವಿಜಾಪುರದಲ್ಲಿ ಇದನ್ನು ಕಂಡ ಅಕ್ಬರನ ದೂತ ಅಸದ್ ಬೇಗ್, 1604ರ ಸುಮಾರಿಗೆ ಬಾದಶಹನ ಮುಂದೆ ಒಯ್ದಿಟ್ಟ. ಹಕೀಮರು ಬೇಡ ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದೇಬಿಟ್ಟ. ಇದೇ ಶಬ್ದ ಡೆನ್ಮಾರ್ಕಿನಲ್ಲಿ ‘ತೊಬಾಕ್’ ಆಗಿದೆ. ಅಲ್ಲಿಯವನೊಬ್ಬ ಅಥಣಿಗೆ ಬಂದು ಕೇಳಿದರೆ ಪಾನಂಗಡಿಯವನಿಗೆ ದುಭಾಷಿ ಬೇಕಾಗಲಿಕ್ಕಿಲ್ಲ.

ಬೀಡಿ ಮಾತ್ರ ಇಲ್ಲಿಯದೇ. ಸಂಸ್ಕೃತದ ವೀಟಿಕಾ, ಅಂದರೆ ಎಲೆ ಅಡಿಕೆಯ ಸುರುಳಿ. ಮರಾಠಿಯಲ್ಲಿ ವಿಡಿ, ನಮ್ಮಲ್ಲಿ ಬೀಡಿ.

ಇದನ್ನೆಲ್ಲ ಕೇಳಿ ಚಿಕ್ಕೋಡಿಯ ಗೆಳೆಯರೊಬ್ಬರು, “ಬರೇ ಪರದೇಶದ್ದ ಹೇಳ್ತೀರಲ್ರಿ, ನಮ್ಮದೊಂದು ಹೇಳ್ರಿ. ಪಗಾರ ಅರೆ ನಮ್ಮದ ಹೌದಲ್ಲೋ?” ಎಂದರು. ತಿಂಗಳು ಮುಗಿದರೂ ಅವರ ಪಗಾರ ಆಗಿರಲಿಲ್ಲ. ಅದೂ ಪೋರ್ಚುಗೀಸರದೇ, ಅದರ ಹಿಂದಿನ ಲ್ಯಾಟಿನ್ ಮೂಲಕ್ಕೆ ಸಮಾಧಾನ ಮಾಡುವುದು ಎಂಬ ಅರ್ಥ ಎಂದೆ.

“ಹಂಗಾರ ಇದನ್ನ ನಮ್ಮ ಸಾಹೇಬರ ಮುಂದ ಹೇಳ್ರಿ” ಎಂದು ಇನ್ನೆರಡು ಚಹಾ ಹೇಳಿದರು.