ಚೋರ್ ಬಜಾರಿನ ಪುಟ್ಟ ಮೋಟಾರು

ಮುಂಬಯಿಯ ಚೋರ್ ಬಜಾರಿಗೆ ಹೋದವರು ಮಟನ್ ಸ್ಟ್ರೀಟಿನಲ್ಲಿ ಹಳೆಯ ಗಡಿಯಾರ, ಗ್ರಾಮಾಫೋನುಗಳನ್ನು ನೋಡಿ ಬರುತ್ತಾರೆ. ನಾನು ಅರಸುವುದು ಅಂಗೈಯಗಲದ ಲೋಹದ ಮೋಟಾರುಗಳನ್ನು. ಮೊನ್ನೆ ಕಲ್ಕತ್ತೆಯ 'ನಿಕಿ' ಒಂದು ಸಿಕ್ಕಿತು. ಲಿವರ್‌ಪೂಲಿನ ಡಿಂಕಿ ಆಟಿಕೆಗಳ ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ನಮ್ಮ ದೇಶಕ್ಕೆ ಬಂದವು; ಅವುಗಳಲ್ಲೇ ಎರಕ ಹೊಯ್ದದ್ದು ಇದು. ತಳದಲ್ಲಿ ಹೆಸರು ತಿದ್ದಿದ ಗುರುತು ಇನ್ನೂ ಇದೆ!

ಬಣ್ಣ ಮಾತ್ರ ಉದುರಿತ್ತು. ಹೊಸದಾಗಿ ಹಚ್ಚಿಸಿಕೊಡಲೇ ಎಂದರು ಅಂಗಡಿಯ ಚಾಚಾ. ಮೂಲ ಬಣ್ಣ ಹೋದರೆ ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ. ಬೇಡವೆಂದೆ, ನನ್ನ ಕಾರಣ ಬೇರೆ. ಮಾಟುಂಗದ ನಮ್ಮ ಬಾಡಿಗೆಮನೆಯಲ್ಲಿ ಅಣ್ಣ ಓಡಿಸುತ್ತಿದ್ದ ಮೋಟಾರಿಗೂ ಹೀಗೆಯೇ ಬಣ್ಣ ಉದುರಿತ್ತು. ಊರಿಗೆ ಹೋಗುವಾಗ ಅದನ್ನು ರೈಲಿನಲ್ಲಿ ಮರೆತವನು ನಾನು. ಅಪ್ಪ ಗದರಿದಾಗ ಅಣ್ಣ ನನ್ನ ಹೆಸರೆತ್ತಲಿಲ್ಲ.

ಹತ್ತಿಯಲ್ಲಿ ಸುತ್ತಿ ಧಾರವಾಡಕ್ಕೆ ಅಂಚೆಯಲ್ಲಿ ಕಳುಹಿಸಿದ್ದೇನೆ.